ಬೆನ್ನಜ್ಜನಿಗೆ ಕಾದಿರಿಸಿದ ಕುರ್ಚಿ

ಔಷಧಿ ಗೋದಾಮಿನಲ್ಲಿ ಅವನನ್ನು ಎಲ್ಲರೂ ತಾರೀಖಣ್ಣ ಎಂದೇ ಕರೆಯುತ್ತಿದ್ದರು. ಕೆಲಸವೇ ಅಂಥದ್ದು. ಬೆಳಗ್ಗೆ ಒಂಬತ್ತಕ್ಕೆ ಬಂದು, ಕಬ್ಬಿಣದ ಏಣಿ ಹತ್ತಿ, ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ, ಮಾತ್ರೆಯ ಪಟ್ಟಿಗಳ ಅಂಚಿನಲ್ಲಿ ಕಂಡೂ ಕಾಣದಂತೆ ಅಚ್ಚಾದ ತಾರೀಖನ್ನು ಓದಬೇಕು. ಅವಧಿ ಮುಗಿಯಲು ಮೂರು ತಿಂಗಳಷ್ಟೇ ಉಳಿದದ್ದು ಕೆಂಪು ಬುಟ್ಟಿಗೆ, ಮಿಕ್ಕಿದ್ದು ಮರಳಿ ಕಪಾಟಿಗೆ. ಇಪ್ಪತ್ತಾರು ವರ್ಷ ಇದನ್ನೇ ಮಾಡಿದವನಿಗೆ ಬರೆದದ್ದು ಎಂದರೆ ಬರೆದದ್ದೇ. ಅಕ್ಷರದ ಹಿಂದೆ ಇನ್ನೊಂದು ಅರ್ಥ ಅಡಗಿ ಕೂತಿರಬಹುದು ಎಂಬ ಗುಮಾನಿಯೇ ಅವನಿಗಿರಲಿಲ್ಲ. ಅವನ ಮುಂದೆ ತಮಾಷೆ ಮಾಡಿದವರು ಆಮೇಲೆ ಅದನ್ನು ಬಿಡಿಸಿ ಹೇಳಬೇಕಾಗುತ್ತಿತ್ತು. ಬಿಡಿಸಿ ಹೇಳಿದ ಮೇಲೆ ತಮಾಷೆ ಎಲ್ಲಿ ಉಳಿಯುತ್ತದೆ? ಹೀಗಾಗಿ ಗೋದಾಮಿನವರು ಅವನನ್ನು ಗೌರವದಿಂದ ಕಂಡು, ಊಟಕ್ಕೆ ಮಾತ್ರ ಬೇರೆ ಕಡೆ ಕೂರುತ್ತಿದ್ದರು.

ಮನೆ ಎಂದರೆ ನೀರಿನ ಟ್ಯಾಂಕಿನ ಪಕ್ಕದ ಬೀದಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆ. ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೆಂಡತಿ ಹೋದ ಮೇಲೆ ಗಂಡಸು ಒಂಟಿಯಾಗುತ್ತಾನೆ ಎನ್ನುವುದು ಎಲ್ಲರಿಗೂ ಗೊತ್ತು. ಮೈಯಲ್ಲಿ ಎಲ್ಲಿ ಒಂಟಿಯಾಗುತ್ತಾನೆ ಎನ್ನುವುದನ್ನು ಮಾತ್ರ ಯಾರೂ ಮೊದಲೇ ಹೇಳಿರುವುದಿಲ್ಲ. ಅಡುಗೆ ಕಲಿತ, ಗುಂಡಿ ಹಚ್ಚುವುದು ಕಲಿತ, ಜ್ವರ ಬಂದರೆ ಹಣೆಯ ಮೇಲೆ ತನ್ನ ಕೈಯನ್ನೇ ಇಟ್ಟುಕೊಳ್ಳುವುದನ್ನೂ ಕಲಿತ. ಆದರೆ ಬಲಗಡೆ ಹೆಗಲಿನ ಮೂಳೆಯ ಕೆಳಗೆ ಅಂಗೈಯಗಲದ ಒಂದು ಜಾಗವಿತ್ತು. ರಟ್ಟಿನ ಧೂಳು ಬೆವರಿಗೆ ಅಂಟಿ, ಸಂಜೆಯಾಗುತ್ತಲೇ ಅಲ್ಲಿ ನವೆ ಶುರುವಾಗುತ್ತಿತ್ತು. ಮೇಲಿನಿಂದ ಕೈ ಹಾಕಿದರೂ ಸಿಗದು, ಕೆಳಗಿನಿಂದ ಹಾಕಿದರೂ ಸಿಗದು.

ಅವಳಿದ್ದಾಗ ಬಾಚಣಿಗೆಯ ಹಿಂಬದಿಯಿಂದ ಕೆರೆಯುತ್ತಿದ್ದಳು. ಇವನು ಮೇಲೆ, ಅಲ್ಲಲ್ಲ, ಸ್ವಲ್ಪ ಎಡಕ್ಕೆ, ಹಾಂ ಅಲ್ಲೇ ಎನ್ನುವನು. ಅವಳು "ನಿಮ್ಮ ಬೆನ್ನಿಗೊಂದು ನಕ್ಷೆ ಬರೆಸ್ಬೇಕು ನೋಡಿ" ಎನ್ನುವಳು. ಆ ಏಳು ವರ್ಷ ಅವನು ಬೆನ್ನನ್ನು ಬಾಗಿಲಿನ ಚೌಕಟ್ಟಿಗೆ ಉಜ್ಜಿಕೊಂಡೇ ಕಳೆದ. ಚೌಕಟ್ಟಿನಲ್ಲಿ ಅಷ್ಟು ಜಾಗದ ಬಣ್ಣವೇ ಹೋಗಿತ್ತು. ಮನೆಯ ಮಾಲೀಕರು ಅದನ್ನು ನೋಡಿ, "ಏನ್ರೀ, ಎಮ್ಮೆ ಕಟ್ಟಿದ್ರಾ ಇಲ್ಲಿ?" ಎಂದು ಕೇಳಿದ್ದರು. ಅವನು ಗಂಭೀರವಾಗಿ ಇಲ್ಲ ಎಂದಿದ್ದ.

ಒಂದು ಭಾನುವಾರ ಅವಳ ಹಳೆಯ ಟ್ರಂಕು ತೆಗೆದಾಗ ತಳದಲ್ಲಿ ಒಂದು ಕೋಲು ಸಿಕ್ಕಿತು. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ, ಕೈಯಾಡಿ ಆಡಿ ನುಣುಪಾದ ಮರ, ತುದಿಯಲ್ಲಿ ಬಾಗಿದ ಕೊಂಬಿನ ಚೂರು. ಹಾಸಿಗೆ ಹೊಲಿಯುತ್ತಿದ್ದ ಮಾವನವರದ್ದು ಎಂದಷ್ಟೇ ಗೊತ್ತಿತ್ತು. ಯಾತಕ್ಕೆ ಎಂದು ಕೇಳೋಣವೆಂದರೆ ಮಾವ ಇಲ್ಲ, ಮಗಳೂ ಇಲ್ಲ. ಸೋಮವಾರ ಗೋದಾಮಿನಲ್ಲಿ ಬಿಲ್ಲು ಹಾಕುವ ಹೆಂಗಸಿಗೆ ತೋರಿಸಿದ. ಅವಳು ಅವನ ಫೋನು ತೆಗೆದುಕೊಂಡು, "ಇದಕ್ಕೇ ಅಂತ ಒಂದು ಗ್ರೂಪಿದೆ, ಹಳೇ ಸಾಮಾನಿನ ಹುಚ್ಚು ಇರೋರದ್ದು. ಫೋಟೊ ಹಾಕಿ, ಹೇಳ್ತಾರೆ" ಎಂದು ಸೇರಿಸಿಕೊಟ್ಟಳು.

ಗ್ರೂಪಿನ ಹೆಸರು 'ಇದೇನು ಹೇಳಿ'. ಗುರುತು ಸಿಗದ ಹಳೆಯ ಉಪಕರಣದ ಫೋಟೊ ಹಾಕಿದರೆ ಬಲ್ಲವರು ಅದೇನೆಂದು ಹೇಳುತ್ತಿದ್ದರು. ಅಲ್ಲಿ ಯಾರಿಗೂ ನಿಜವಾದ ಹೆಸರಿರಲಿಲ್ಲ. ಯಾರು ಮೊದಲು ಏನನ್ನು ಹಾಕುತ್ತಾರೋ ಅದೇ ಅವರ ಹೆಸರು. ಗ್ರೂಪು ಕಟ್ಟಿದವರು ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು, ಬಾಗಿಲ ಕೀಲೊಂದನ್ನು ಹಾಕಿ ಕೀಲುಮೇಷ್ಟ್ರಾದವರು. ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯವಳೊಬ್ಬಳು ಇಕ್ಕಳದಕ್ಕ. ಇನ್ನೊಬ್ಬರು ಬಸ್ಸು ಓಡಿಸುವವರು, ಆಲಿಕೆಯಣ್ಣ.

ಇದರ ಜೊತೆಗೆ ಗ್ರೂಪಿನಲ್ಲಿ ಒಂದು ಪದ್ಧತಿಯಿತ್ತು. ಯಾರು ಏನೇ ಹಾಕಲಿ, ಮೊದಲ ಉತ್ತರ "ಅಜ್ಜಿಯ ಬೆನ್ನು ಕೆರೆಯುವ ಕೋಲು" ಎಂದೇ ಇರಬೇಕು. ಅಜ್ಜಿಗೆ ಮರ್ಯಾದೆ ಸಂದ ಮೇಲೆ ನಿಜದ ಸಂಗತಿ. ಬಾವಿಯ ರಾಟೆ ಹಾಕಿದರೂ ಅಜ್ಜಿಯ ಬೆನ್ನು, ಹಲ್ಲಿನ ವೈದ್ಯರ ಚಿಮಟ ಹಾಕಿದರೂ ಅಜ್ಜಿಯ ಬೆನ್ನು. ಈ ಅಜ್ಜಿ ಯಾರ ಅಜ್ಜಿ, ಅವಳ ಬೆನ್ನು ಎಷ್ಟು ಮೈಲಿ ಅಗಲ, ಎಷ್ಟು ತಲೆಮಾರಿನಿಂದ ನವೆ, ಇದನ್ನೆಲ್ಲ ಸೇರಿಸುತ್ತ ಅವರು ದೊಡ್ಡ ಪುರಾಣವನ್ನೇ ಕಟ್ಟಿದ್ದರು. ಹೊಸಬರು ಎರಡು ದಿನ ಪಿಳಿಪಿಳಿ ಕಣ್ಣು ಬಿಟ್ಟು, ಮೂರನೆಯ ದಿನ ತಾವೂ ಸೇರಿಕೊಳ್ಳುತ್ತಿದ್ದರು.

ತಾರೀಖಣ್ಣ ಹಾಗಲ್ಲ. ಅವನ ಕೋಲಿನ ಫೋಟೊಗೆ ಇಪ್ಪತ್ತೊಂದು ಜನ ಒಂದೇ ಉತ್ತರ ಕೊಟ್ಟಿದ್ದರು. ಇಪ್ಪತ್ತೊಂದು ಪೆಟ್ಟಿಗೆಯ ಮೇಲೆ ಒಂದೇ ತಾರೀಖಿದ್ದರೆ ಅದು ಸುಳ್ಳಾಗಲು ಹೇಗೆ ಸಾಧ್ಯ? ಸಂಜೆ ಅಂಗಿ ತೆಗೆದು, ಕೋಲನ್ನು ಹೆಗಲ ಮೇಲಿನಿಂದ ಇಳಿಬಿಟ್ಟು ಎಳೆದ. ಕೊಂಬಿನ ತುದಿ ನೇರವಾಗಿ ಆ ಜಾಗಕ್ಕೆ ಹೋಗಿ ಕೂತಿತು. ಅವನಿಗೆ ಕಣ್ಣಲ್ಲಿ ನೀರು ಬಂತು. ಸುಖಕ್ಕೆ ಬಂತೋ ದುಃಖಕ್ಕೆ ಬಂತೋ ವಿಚಾರಿಸುತ್ತ ಕೂರಲಿಲ್ಲ. ಸಹಾಯ ಮಾಡಿದವರಿಗೆ ವಂದನೆ ಹೇಳುವುದು ಕರ್ತವ್ಯವೆಂದು ಬರೆದ: "ಬಳಸಿ ನೋಡಿದೆ. ಬಲಗಡೆ ಹೆಗಲ ಮೂಳೆಯ ಕೆಳಗೆ ಚೆನ್ನಾಗಿ ಎಟಕುತ್ತದೆ. ಹಿಡಿ ಇನ್ನೆರಡು ಬೆರಳು ಉದ್ದ ಇದ್ದಿದ್ದರೆ ಮಣಿಕಟ್ಟು ನೋಯುತ್ತಿರಲಿಲ್ಲ. ಏಳು ವರ್ಷದ ಕಷ್ಟ ತೀರಿತು. ತಮ್ಮೆಲ್ಲರಿಗೂ ವಂದನೆಗಳು."

ಗ್ರೂಪು ಬಿದ್ದು ಬಿದ್ದು ನಕ್ಕಿತು. ನಗುವ ಮುಖಗಳು ಸಾಲುಗಟ್ಟಿದವು. ಹೊಟ್ಟೆ ಹುಣ್ಣಾಯಿತು ಎಂದು ಒಬ್ಬರು ಬರೆದರೆ, ಇಂಥ ಕಲಾವಿದರು ಇಷ್ಟು ದಿನ ಎಲ್ಲಿದ್ದರು ಎಂದು ಇನ್ನೊಬ್ಬರು ಬರೆದರು. ಕೀಲುಮೇಷ್ಟ್ರು ಅಲ್ಲೇ ಅವನಿಗೆ ಬೆನ್ನಜ್ಜ ಎಂದು ನಾಮಕರಣ ಮಾಡಿದರು. ಆ ಗದ್ದಲದ ನಡುವೆ ಯಾರೋ ಒಬ್ಬರು ಅದು ದಿಂಬಿನ ಮೂಲೆಗೆ ಹತ್ತಿ ತಳ್ಳುವ ಕೋಲು ಎಂದು ಸರಿಯಾಗಿ ಹೇಳಿದ್ದರು. ಅದನ್ನು ಓದಿದ್ದು ತಾರೀಖಣ್ಣ ಒಬ್ಬನೇ. ಓದಿ, ಮೇಲಿನ ಇಪ್ಪತ್ತೊಂದನ್ನೂ ಇನ್ನೊಮ್ಮೆ ಓದಿ, ತಾನು ಮೋಸ ಹೋದದ್ದು ತಿಳಿದು ಕಿವಿಯೆಲ್ಲ ಬಿಸಿಯಾಯಿತು. ನಾನು ನಿಜ ಎಂದುಕೊಂಡು ಬರೆದದ್ದು ಎಂದು ಟೈಪು ಮಾಡಿ, ಕಳಿಸದೆ ಅಳಿಸಿದ. ಏಳು ವರ್ಷದಲ್ಲಿ ಅವನನ್ನು ಒಂದೇ ಸಂಜೆಯಲ್ಲಿ ಅಷ್ಟು ಜನ ಮಾತಾಡಿಸಿರಲಿಲ್ಲ.

ಅಲ್ಲಿಂದ ಮೂರು ವರ್ಷ ಅವನು ಬೆನ್ನಜ್ಜನಾಗಿ ಬಾಳಿದ. ವಿಚಿತ್ರವೆಂದರೆ ಅವನು ತಮಾಷೆಯನ್ನು ಒಮ್ಮೆಯೂ ಮಾಡಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದ, ಅವರು ನಗುತ್ತಿದ್ದರು. ಒಮ್ಮೆ ಹಳೆಯ ಕತ್ತರಿಯೊಂದಕ್ಕೆ ಅವನು ಕೊಟ್ಟ ಉತ್ತರ ಹೀಗಿತ್ತು: "ಇದು ಏನೆಂದು ನಿನ್ನೆಯೂ ಹೇಳಿದ್ದೆ. ಶುಕ್ರವಾರದಿಂದ ಯಾರ ಜೊತೆಯೂ ಮಾತಾಡಿಲ್ಲ, ಅದಕ್ಕೆ ಇನ್ನೊಮ್ಮೆ ಹೇಳುತ್ತಿದ್ದೇನೆ." ನಲವತ್ತು ನಗುವ ಮುಖ. ಮುಖ ಗಂಟು ಹಾಕಿಕೊಂಡು ನಗಿಸುವುದನ್ನು ಬೆನ್ನಜ್ಜನಿಂದ ಕಲಿಯಬೇಕು ಎಂದು ಆಲಿಕೆಯಣ್ಣ ಹೊಗಳಿದ. ತಾರೀಖಣ್ಣ ನೀರಿನ ಟ್ಯಾಂಕಿನ ಮೇಲಿನ ಪಾರಿವಾಳಗಳನ್ನು ನೋಡುತ್ತ, ಹೊಗಳಿಕೆಯನ್ನು ಬೇಡವೆನ್ನಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಕೂತ.

ಹೀಗಿರುವಾಗ ಕೀಲುಮೇಷ್ಟ್ರು ಎಲ್ಲರೂ ಒಮ್ಮೆ ಮುಖತಃ ಸೇರೋಣ ಎಂದರು. ಊರ ಗ್ರಂಥಾಲಯದ ಮಹಡಿಯ ಕೋಣೆ, ಭಾನುವಾರ ಹನ್ನೊಂದು ಗಂಟೆ, ಪ್ರತಿಯೊಬ್ಬರೂ ಒಂದೊಂದು ಸಾಮಾನು ತರಬೇಕು. ಬೆನ್ನಜ್ಜ ಬರಲೇಬೇಕು ಎಂದು ಎಲ್ಲರೂ ಹಟ ಹಿಡಿದರು. ಪ್ರತಿ ಬುಧವಾರ ಫೋನು ಮಾಡುವ ಅವನ ಅಕ್ಕ ಸುದ್ದಿ ಕೇಳಿ, "ಹೋಗೋ, ಸುಮ್ನೆ ಹೋಗು. ನಾಲ್ಕು ಜನರ ಮುಖ ನೋಡಿದ ಹಾಗಾಗುತ್ತೆ" ಎಂದಳು.

"ಅವರು ನನ್ನನ್ನ ತಮಾಷೆ ಮನುಷ್ಯ ಅಂದ್ಕೊಂಡಿದಾರೆ ಅಕ್ಕ."

"ನಿನ್ನನ್ನಾ?" ಎಂದ ಅಕ್ಕ ನಗು ತಡೆಯಲಾರದೆ ಫೋನನ್ನು ದೂರ ಹಿಡಿದಳು. ಅದು ಅವನಿಗೆ ಕೇಳಿಸಿತು.

ಹೋಗುವುದೆಂದು ತೀರ್ಮಾನಿಸಿದ. ಹೊಸ ಅಂಗಿ ಹೊಲಿಸಿದ. ಕನ್ನಡಿಯ ಮುಂದೆ ನಿಂತು "ನಾನೇ ಬೆನ್ನಜ್ಜ" ಎಂದು ಹೇಳಿ ನೋಡಿದ. ಒಳಗೆ ಅಳುಕು ಇದ್ದೇ ಇತ್ತು. ಅಲ್ಲಿ ಹೋಗಿ ಬಾಯಿ ಬಿಟ್ಟ ಮರುಗಳಿಗೆ, ಇವನಲ್ಲಿ ನಗುವಂಥದ್ದು ಏನೂ ಇಲ್ಲ ಎಂದು ಗೊತ್ತಾಗಿಬಿಟ್ಟರೆ? ಪ್ರಪಂಚದಲ್ಲಿ ಅವನು ಬರಲಿ ಎಂದು ಕಾಯುವ ಜಾಗ ಇದ್ದದ್ದು ಅದೊಂದೇ. ಅದನ್ನು ಉಳಿಸಿಕೊಳ್ಳಲು ಹೋಗಬೇಕೋ, ಹೋಗದೆ ಇರಬೇಕೋ ಎಂಬುದೇ ವಾರವಿಡೀ ಅವನ ತಲೆ ತಿಂದಿತು.

ಗ್ರಂಥಾಲಯದ ಮೆಟ್ಟಿಲು ಹತ್ತುವಾಗಲೂ ಧೈರ್ಯ ಇತ್ತು. ಬಾಗಿಲಲ್ಲಿ ಒಬ್ಬ ದಪ್ಪನೆಯ ಮನುಷ್ಯ ಚೀಟಿಗಳ ಮೇಲೆ ಹೆಸರು ಬರೆದು ಅಂಗಿಗೆ ಚುಚ್ಚುತ್ತಿದ್ದ. ಅವನ ಎದೆಯ ಮೇಲೆ ಆಲಿಕೆಯಣ್ಣ ಎಂದಿತ್ತು. ಒಳಗೆ ಮೊದಲ ಸಾಲಿನ ನಡುವೆ ಒಂದು ಕುರ್ಚಿಗೆ ಹೊಸ ಟವಲು ಹೊದಿಸಿ, ಮೇಲೆ ಕಾಗದದಲ್ಲಿ ಸುತ್ತಿದ ಉದ್ದನೆಯ ಪೊಟ್ಟಣ ಇಟ್ಟಿದ್ದರು. ಹಿಂದೆ 'ಬೆನ್ನಜ್ಜ' ಎಂಬ ಹಲಗೆ. ಯಾರೋ ಕೂಗಿದರು: "ಆಲಿಕೆಯಣ್ಣ, ಬೆನ್ನಜ್ಜ ಬಂದ್ರೆ ಮೊದಲು ನಂಗೆ ಹೇಳಪ್ಪ. ನಗೋದಕ್ಕೆ ಅಂತ ಹೊಟ್ಟೆ ಖಾಲಿ ಇಟ್ಕೊಂಡು ಬಂದಿದೀನಿ."

"ಬರ್ಲಿ ಬರ್ಲಿ, ಬಾಗಿಲಲ್ಲೇ ಏನಾದ್ರೂ ಒಂದು ಹೇಳೇ ಹೇಳ್ತಾರೆ" ಎಂದ ಆಲಿಕೆಯಣ್ಣ, ತಾರೀಖಣ್ಣನ ಕಡೆ ತಿರುಗಿ, "ನೀವು?" ಎಂದ.

ವಾರವೆಲ್ಲ ಕನ್ನಡಿಗೆ ಹೇಳಿದ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಅಂಟಿಕೊಂಡಿತು. ಬಾಗಿಲಲ್ಲಿ ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. "ನಾನು ಸುಮ್ನೆ ಓದ್ತೀನಿ ಅಷ್ಟೆ. ಏನೂ ಹಾಕಿಲ್ಲ" ಎಂದ. ಇಷ್ಟು ವರ್ಷ ಅಚ್ಚಾದದ್ದನ್ನೇ ನಂಬಿದ ಮನುಷ್ಯ ತನ್ನ ಮೇಲೆ ತಾನೇ ಸುಳ್ಳು ಚೀಟಿ ಅಂಟಿಸಿಕೊಂಡ. ಅದರ ಮೇಲೆ 'ಓದುಗ' ಎಂದು ಬರೆದಿತ್ತು.

ಹಿಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂತ. ಅವನ ಪಕ್ಕದ ಎರಡೂ ಕುರ್ಚಿಗಳ ಮೇಲೆ ಜನ ಚೀಲಗಳನ್ನಿಟ್ಟು ಮುಂದೆ ಹೋಗಿ ಕೂತರು. ಅಲ್ಲಿಂದ ಅವನು ತನ್ನ ಕುರ್ಚಿಯ ಬೆನ್ನನ್ನು ನೋಡುತ್ತಿದ್ದ. ಮಾತೆಲ್ಲ ಬೆನ್ನಜ್ಜನದ್ದೇ. ಕೋಲಿನ ಕತೆ, ಶುಕ್ರವಾರದ ಕತೆ, ಜ್ವರದಲ್ಲಿ ತನ್ನ ಹಣೆ ತಾನೇ ಮುಟ್ಟಿ ನೋಡಿಕೊಂಡ ಕತೆ. ಒಬ್ಬೊಬ್ಬರೂ ಅಭಿನಯಿಸಿ ತೋರಿಸುತ್ತಿದ್ದರು, ಕೋಣೆ ಗೊಳ್ಳೆನ್ನುತ್ತಿತ್ತು. ಅವರು ಹೇಳುವಾಗ ಅದು ನಿಜಕ್ಕೂ ನಗು ಬರುವಂತೆಯೇ ಇತ್ತು. ಒಂದೆರಡು ಸಲ ತಾರೀಖಣ್ಣನೂ ನಕ್ಕ, ಆಮೇಲೆ ಯಾರ ವಿಷಯಕ್ಕೆ ನಗುತ್ತಿದ್ದೇನೆಂದು ನೆನಪಾಗಿ ನಿಲ್ಲಿಸಿದ.

ಆಮೇಲೆ ಸಾಮಾನುಗಳ ಸರದಿ. ಒಬ್ಬ ಹೆಂಗಸು ಗೀರುಗಳಿದ್ದ ಪಿಂಗಾಣಿಯ ಸಣ್ಣ ಹಲಗೆಯನ್ನು ಮೇಜಿನ ಮೇಲಿಟ್ಟು, "ಇದೇನು ಹೇಳಿ" ಎಂದಳು. ತಾರೀಖಣ್ಣನ ಕಿವಿ ನೆಟ್ಟಗಾಯಿತು. ಅದು ಅವನ ಸೀಮೆಯ ವಸ್ತು. ಯೋಚಿಸುವ ಮುಂಚೆಯೇ ಎದ್ದು ನಿಂತಿದ್ದ.

"ಅದು ಗುಳಿಗೆ ಮಾಡೋ ಹಲಗೆ. ಹಿಂದೆ ಔಷಧಿ ಅಂಗಡೀಲಿ ಮುದ್ದೆ ಕಲಸಿ ಅದರ ಮೇಲೆ ಸಮ ಭಾಗ ಮಾಡ್ತಿದ್ರು. ಗೀರು ಇರೋದು ಅಳತೆಗೆ."

ಎಲ್ಲರೂ ತಿರುಗಿ ನೋಡಿದರು. ಅಜ್ಜಿಗೆ ಮರ್ಯಾದೆ ಸಲ್ಲಿಸದೆ ನೇರವಾಗಿ ನಿಜ ಹೇಳಿದವರು ಆ ಗ್ರೂಪಿನ ಚರಿತ್ರೆಯಲ್ಲೇ ಇರಲಿಲ್ಲ. ಕೀಲುಮೇಷ್ಟ್ರು ಸಮಾಧಾನದ ದನಿಯಲ್ಲಿ, "ಸರಿಯಾಗೇ ಹೇಳಿದ್ರಿ. ಆದ್ರೆ ನಮ್ಮಲ್ಲೊಂದು ಪದ್ಧತಿ ಇದೆ. ಪರವಾಗಿಲ್ಲ, ಹೊಸಬರು. ನೀವು ಬೆನ್ನಜ್ಜ ಬರೆದದ್ದನ್ನೆಲ್ಲ ಒಮ್ಮೆ ಓದಿ, ತಾನಾಗೇ ಅಭ್ಯಾಸ ಆಗುತ್ತೆ" ಎಂದರು.

"ಓದ್ತೀನಿ" ಎಂದು ತಾರೀಖಣ್ಣ ಕೂತ. ಈಗಲಾದರೂ ಹೇಳಿಬಿಡಬೇಕು ಎನಿಸಿತು. ಹೇಳಿದರೆ ಏನಾಗುತ್ತದೆ ಎಂಬುದು ಅವರೆಲ್ಲರ ಸಪ್ಪೆ ಮುಖದಲ್ಲೇ ಕಂಡಿತ್ತು.

ಒಂದೂವರೆಯವರೆಗೆ ಕಾದರು. ಬೆನ್ನಜ್ಜ ಬರಲಿಲ್ಲ. ಕುರ್ಚಿಯ ಟವಲು ಮಡಿಸುವಾಗ ಎಲ್ಲರಿಗೂ ಬೇಜಾರಾಗಿತ್ತು. ತನಗಾಗಿ ಬೇಜಾರು ಪಡುವವರನ್ನು ಇಷ್ಟು ಹತ್ತಿರದಿಂದ ನೋಡುವ ಯೋಗ ತಾರೀಖಣ್ಣನಿಗೆ ಈ ರೀತಿ ಬಂದಿತ್ತು. ಮಾಡಲು ಇನ್ನೇನೂ ತೋಚದೆ ಚಹಾದ ಲೋಟಗಳನ್ನೆಲ್ಲ ಒಟ್ಟು ಮಾಡಿ ಮೂಲೆಯ ನಲ್ಲಿಯಲ್ಲಿ ತೊಳೆಯಲು ನಿಂತ. ಒರೆಸಲು ಬಂದವಳು ಇಕ್ಕಳದಕ್ಕ, ಐವತ್ತು ದಾಟಿದ, ಬೆರಳಿಗೆಲ್ಲ ಅಂಟಿನ ಕಲೆಯಿದ್ದ ಹೆಂಗಸು. ಪೊಟ್ಟಣ ಅವಳ ಕಂಕುಳಲ್ಲಿತ್ತು.

"ನಿಮ್ಮ ಮನೆ ಯಾವ ಕಡೆ?" ಎಂದಳು.

"ನೀರಿನ ಟ್ಯಾಂಕ್ ಹತ್ರ."

"ಅರೆ, ಬೆನ್ನಜ್ಜನೂ ಟ್ಯಾಂಕ್ ಹತ್ರ ಅಂತಲೇ ಬರೆದಿದ್ರಲ್ಲ. ಪರಿಚಯ ಇದೆಯಾ?"

ತಾರೀಖಣ್ಣ ಕೈಯಲ್ಲಿದ್ದ ಲೋಟವನ್ನು ಎರಡನೆಯ ಸಲ ತೊಳೆದ. "ಮನೆ ಗೊತ್ತು. ಅಷ್ಟೇನೂ ಪರಿಚಯ ಇಲ್ಲ."

"ಮನೇಲೂ ಹಿಂಗೇ ನಗಿಸ್ತಾರಾ?"

"ಮನೇಲಿ ಮಾತು ಕಡಿಮೆ."

ಅವಳು ಆ ಲೋಟ ಒರೆಸಿಟ್ಟಳು. ಆಮೇಲೆ ಪೊಟ್ಟಣವನ್ನು ಅವನ ಕೈಗೆ ಕೊಟ್ಟಳು. "ಹಂಗಾದ್ರೆ ಇದನ್ನ ತಲುಪಿಸಿಬಿಡಿ. ಅವರು ಮೊದಲನೇ ದಿನ ಹಿಡಿ ಎರಡು ಬೆರಳು ಉದ್ದ ಬೇಕಿತ್ತು ಅಂದಿದ್ರು. ಎಲ್ರೂ ನಕ್ರು. ನಂಗ್ಯಾಕೋ ಅದು ತಲೇಲಿ ಉಳ್ಕೊಂಡಿತ್ತು, ಮಾಡಿದೆ. ಯಾರ ಬೆರಳು ಅಂತ ಗೊತ್ತಿಲ್ಲ ನೋಡಿ, ನನ್ನ ಬೆರಳಲ್ಲೇ ಅಳೆದೆ. ಸಾಲದಿದ್ರೆ ಹೇಳೋಕೆ ಹೇಳಿ."

ಅವನು ತಲೆಯಾಡಿಸಿದ. ಮೂರು ವರ್ಷದಲ್ಲಿ ಅವನ ಒಂದು ಮಾತನ್ನು ಒಬ್ಬರು ಇದ್ದ ಹಾಗೆ ತೆಗೆದುಕೊಂಡಿದ್ದರು, ಅವರ ಮುಂದೆ ಅವನು ಬೇರೆಯವನಾಗಿ ನಿಂತಿದ್ದ. ಯಾರಿಗೂ ಹೇಳದೆ ಮೆಟ್ಟಿಲಿಳಿದು, ತನ್ನ ಉಡುಗೊರೆಯನ್ನು ತಾನೇ ತಲುಪಿಸಲು ಬಸ್ಸು ಹತ್ತಿದ.

ಸಂಜೆ ಐದರ ಬಿಸಿಲು ಇನ್ನೂ ಚೌಕಟ್ಟಿನ ಮೇಲಿತ್ತು. ಕಾಗದ ಬಿಚ್ಚಿದ. ಹಳೆಯದರ ಥರವೇ ಬಾಗಿದ ತುದಿ, ಉಜ್ಜಿ ಉಜ್ಜಿ ಮೆರುಗು ಬಂದ ಮರ, ಹಿಡಿಯ ಕೊನೆಯಲ್ಲಿ ಬೆರಳು ಜಾರದಂತೆ ಸಣ್ಣ ಕಚ್ಚು. ಅಂಗಿ ತೆಗೆದು ಹೆಗಲ ಮೇಲಿನಿಂದ ಇಳಿಬಿಟ್ಟ. ಮಣಿಕಟ್ಟು ನೋಯಲಿಲ್ಲ. ಎಷ್ಟೋ ಹೊತ್ತು ಕೆರೆದುಕೊಂಡು, ಫೋಟೊ ತೆಗೆದು ಗ್ರೂಪಿಗೆ ಹಾಕಿ ಬರೆದ: "ತಲುಪಿತು. ಸರಿಯಾಗಿ ಎಟಕುತ್ತದೆ. ಬೆರಳಿನ ಅಳತೆ ಸರಿಯಿದೆ. ಬಾರದೆ ಹೋದದ್ದಕ್ಕೆ ಕ್ಷಮಿಸಿ, ಬರಲು ಬಹಳ ಆಸೆಯಿತ್ತು."

ನಗುವ ಮುಖಗಳು ಬಂದವು. ಅಜ್ಜಿಗೆ ಹೊಟ್ಟೆಕಿಚ್ಚಾಗಬಹುದು ಎಂದು ಆಲಿಕೆಯಣ್ಣ ಬರೆದ. ಕೀಲುಮೇಷ್ಟ್ರು ಕೇಳಿದರು: "ಅದನ್ನ ತಂದುಕೊಟ್ಟವರು ಯಾರ್ರೀ ಬೆನ್ನಜ್ಜ? ಹಿಂದೆ ಕೂತಿದ್ರು, ಮಾತೇ ಇಲ್ಲ. ಪಾಪ, ಗುಳಿಗೆ ಹಲಗೆ ವಿಷಯದಲ್ಲಿ ಮುಜುಗರ ಮಾಡಿಬಿಟ್ವೇನೋ. ಯಾವಾಗ ಎದ್ದು ಹೋದ್ರೋ ಗೊತ್ತಾಗಲಿಲ್ಲ. ಹೇಗೆ ಮನುಷ್ಯ?"

ತನ್ನ ಬಗ್ಗೆ ಹೀಗೆ ಯಾರೂ ಅವನನ್ನು ಕೇಳಿರಲಿಲ್ಲ. ತಾರೀಖಣ್ಣ ಕಿಟಕಿಯ ಬಳಿ ನಿಂತು ಬಹಳ ಯೋಚಿಸಿ, ಒಂದೊಂದೇ ಅಕ್ಷರ ಒತ್ತಿದ.

"ಒಳ್ಳೆಯ ಮನುಷ್ಯ. ನಗಿಸಲು ಬರುವುದಿಲ್ಲ. ಒಬ್ಬರೇ ಇರುತ್ತಾರೆ. ಮುಂದಿನ ಸಲ ಬಂದರೆ ಅವರ ಪಕ್ಕದಲ್ಲಿ ಯಾರಾದರೂ ಕುಳಿತುಕೊಳ್ಳಿ."

ಕಳಿಸಿದ. ಮೊದಲ ನಗುವ ಮುಖ ಬಂತು. ಎರಡು, ಐದು, ಹನ್ನೆರಡು. ಬೆನ್ನಜ್ಜನಿಗೆ ಬೆನ್ನಜ್ಜನೇ ಸಾಟಿ ಎಂದು ಯಾರೋ ಬರೆದರು. ಮೂವತ್ತೊಂದರವರೆಗೆ ನೋಡಿ ಅವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಒಲೆಯ ಮೇಲೆ ಒಬ್ಬರಿಗಾಗುವಷ್ಟು ಅಕ್ಕಿ ಇಟ್ಟ. ದುಃಖವಾಗಿತ್ತು, ಅದನ್ನು ಬೇರೆ ಏನೆಂದೂ ಕರೆಯಲು ಬರುತ್ತಿರಲಿಲ್ಲ.

ಅನ್ನ ಬೇಯುವ ಹೊತ್ತಿಗೆ ಫೋನು ಇನ್ನೊಮ್ಮೆ ಸದ್ದು ಮಾಡಿತು. ಇಕ್ಕಳದಕ್ಕ ಬರೆದಿದ್ದಳು. ನಗುವ ಮುಖ ಹಾಕಿರಲಿಲ್ಲ.

"ನಾವೆಲ್ಲ ಹರಟ್ತಾ ಇದ್ದಾಗ ಇಪ್ಪತ್ತಾರು ಲೋಟ ತೊಳೆದಿಟ್ಟು ಹೋದ್ರು ಅವರು. ಮುಂದಿನ ಸಲ ಅವರ ಪಕ್ಕ ನಾನು ಕೂತ್ಕೋತೀನಿ. ಅವರಿಗೆ ಹೇಳಿಬಿಡಿ."

ತಾರೀಖಣ್ಣ ಅದನ್ನು ತಾರೀಖು ಓದುವ ಹಾಗೆ, ಕಣ್ಣಿನ ಹತ್ತಿರ ಹಿಡಿದು ಓದಿದ. ಹಿಂದೆ ಇನ್ನೊಂದು ಅರ್ಥ ಇದೆಯೇ ಎಂದು ಮೊದಲ ಬಾರಿಗೆ ಹುಡುಕಿದ, ಸಿಗಲಿಲ್ಲ. "ಹೇಳ್ತೀನಿ" ಎಂದು ಉತ್ತರ ಬರೆದ.

ಹೇಳುತ್ತೇನೆಂದ ಮೇಲೆ ಹೇಳಬೇಕು. ಒಲೆ ಆರಿಸಿ, ಬಣ್ಣ ಹೋದ ಚೌಕಟ್ಟಿನ ಪಕ್ಕ ನಿಂತು, ಅವನು ಖಾಲಿ ಕೋಣೆಗೆ ಗಟ್ಟಿಯಾಗಿಯೇ ಹೇಳಿದ: "ಮುಂದಿನ ಸಲ ನಿನ್ನ ಪಕ್ಕ ಅವರು ಕೂತ್ಕೋತಾರಂತೆ."